ಹೆಬ್ಬೆರಳಿಲ್ಲದ ಅಣ್ಣನ ಕಾಲ್ ಆಫ್ ಡ್ಯೂಟಿ

ನಮ್ಮೂರಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುವ ಜಾಗ ಎರಡೇ. ಒಂದು ಓವರ್‌ಹೆಡ್ ಟ್ಯಾಂಕ್ ಪಕ್ಕದ ಮೋರಿ ಕಟ್ಟೆ, ಇನ್ನೊಂದು ನಮ್ಮ ದೊಡ್ಡಪ್ಪನ ಮನೆಯ ತಾರಸಿ. ತಿಪಟೂರು ಕಡೆಯ ಊರು, ಸುತ್ತ ತೆಂಗಿನ ತೋಟ, ಮನೆಗೆರಡು ಸೀಮೆಹಸು. 2020ರ ಸೆಪ್ಟೆಂಬರ್ 2ರ ಸಂಜೆ ಆ ಮೋರಿ ಕಟ್ಟೆಯ ಮೇಲೆ ಸಾವಿನ ಮನೆಯ ಕಳೆ ಇತ್ತು. ಕೇಂದ್ರ ಸರ್ಕಾರ 118 ಆ್ಯಪ್‌ಗಳನ್ನು ನಿಷೇಧಿಸಿತ್ತು. ಆ ಪಟ್ಟಿಯಲ್ಲಿ ಪಬ್‌ಜಿ ಇತ್ತು.

ಲಾಕ್‌ಡೌನಿನಲ್ಲಿ ನಾವು ಐದಾರು ಜನ ಹುಡುಗರು ಬದುಕಿದ್ದೇ ಅದರ ಮೇಲೆ. ಇನ್ನು ಏನು ಆಡೋದು ಅಂತ ಕಟ್ಟೆಯ ಮೇಲೆ ಚರ್ಚೆ ಶುರುವಾಯಿತು. ಒಬ್ಬ ಫ್ರೀ ಫೈರ್ ಅಂದ, ‘ಅದು ಚಿಕ್ಕ ಮಕ್ಕಳದು’ ಅಂತ ಇನ್ನೊಬ್ಬ ತಳ್ಳಿಹಾಕಿದ. ಕೊನೆಗೆ ಕಾಲ್ ಆಫ್ ಡ್ಯೂಟಿ ಮೊಬೈಲ್ ಅಂತ ತೀರ್ಮಾನವಾಯಿತು. ತಮಾಷೆ ಏನೆಂದರೆ ಅದನ್ನು ತಯಾರಿಸಿದ್ದೂ ಚೀನಾದ ಟೆನ್ಸೆಂಟ್ ಕಂಪನಿಗೆ ಸೇರಿದ ಟಿಮಿ ಸ್ಟುಡಿಯೋ. ಆದರೆ ಹೊರತಂದಿದ್ದು ಅಮೆರಿಕದ ಆಕ್ಟಿವಿಷನ್. ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ನಮಗೆ ಅಷ್ಟು ಸಾಕಾಗಿತ್ತು.

ಆಡದವರಿಗಾಗಿ ಎರಡು ಮಾತು. ಕಾಲ್ ಆಫ್ ಡ್ಯೂಟಿ ಮೂಲತಃ ಮೊಬೈಲಿನ ಆಟ ಅಲ್ಲ. 2003ರಲ್ಲಿ ಕಂಪ್ಯೂಟರಿಗೆ ಬಂದದ್ದು. ಆಮೇಲೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಅಂತ ಟಿವಿಗೆ ಜೋಡಿಸಿ ಆಡುವ ಪೆಟ್ಟಿಗೆಗಳಿವೆಯಲ್ಲ, ಕನ್ಸೋಲ್ ಅಂತಾರೆ, ಅವುಗಳಲ್ಲಿ ದೊಡ್ಡ ಹೆಸರು ಮಾಡಿತು. ಹೆಚ್ಚುಕಮ್ಮಿ ವರ್ಷಕ್ಕೊಂದು ಹೊಸ ಆಟ, ಒಂದೊಂದಕ್ಕೂ ಸಾವಿರಾರು ರೂಪಾಯಿ. 2019ರ ಅಕ್ಟೋಬರ್ 1ಕ್ಕೆ ಅದೇ ಹಳೇ ಆಟಗಳ ಮೈದಾನ, ಬಂದೂಕು, ಸೈನಿಕರನ್ನೆಲ್ಲ ಒಟ್ಟುಹಾಕಿ ಮೊಬೈಲಿಗೆ ಪುಕ್ಕಟೆ ಬಿಟ್ಟರು. ಮೊದಲ ವಾರದಲ್ಲೇ ಅಂದಾಜು 10 ಕೋಟಿ ಸಲ ಡೌನ್‌ಲೋಡ್ ಆಯಿತು ಅಂತ ಆಗ ಸುದ್ದಿಯಾಗಿತ್ತು.

ಪತ್ರಿಕೋದ್ಯಮ ಓದುವಾಗ ನಮಗೊಂದು ಅಸೈನ್‌ಮೆಂಟ್ ಕೊಟ್ಟಿದ್ದರು: ನಿಮ್ಮೂರಿನ ಹತ್ತು ಜನರ ಅಭಿಪ್ರಾಯ ಕೇಳಿ ಒಂದು ವರದಿ ಬರೆಯಿರಿ, ವಿಷಯ ನಿಮ್ಮದೇ. ಬೇರೆಯವರು ಕೊಬ್ಬರಿ ಬೆಲೆ, ನರೇಗಾ ಅಂತ ಹೊರಟರು. ನಾನು ಈ ಆಟದ ಬಗ್ಗೆ ಕೇಳುತ್ತಾ ಹೋದೆ. ಮೇಷ್ಟ್ರು ನಕ್ಕರು, ಬೇಡ ಅನ್ನಲಿಲ್ಲ.

ಪಬ್‌ಜಿಯಿಂದ ಬಂದವರದ್ದೆಲ್ಲ ಒಂದೇ ಮಾತು: ಸ್ಪೀಡು ಜಾಸ್ತಿ. ಪಬ್‌ಜಿಯಲ್ಲಿ ವಿಮಾನದಿಂದ ಇಳಿದು, ಮನೆ ಮನೆ ತಡಕಿ, ಹುಲ್ಲಲ್ಲಿ ಮಲಗಿ ಅರ್ಧ ಗಂಟೆ ಕಾಯಬೇಕು. ಇಲ್ಲಿ ಐದು ಜನರ ಎದುರು ಐದು ಜನ, ಸತ್ತರೆ ಕೆಲವೇ ಸೆಕೆಂಡಿಗೆ ಮತ್ತೆ ಹುಟ್ಟು. ನೂರು ಜನರ ಆಟವೂ ಇದೆ, ನಮ್ಮ ಹುಡುಗರು ಅತ್ತ ಹೋದದ್ದು ಕಡಿಮೆ. ಇನ್ನೊಂದು ದೂರು ಬಾಟ್‌ಗಳದ್ದು. ಕೆಳಗಿನ ರ‍್ಯಾಂಕಿನಲ್ಲಿ ಎದುರಿಗೆ ಬರುವವರಲ್ಲಿ ಎಷ್ಟೋ ಜನ ಮನುಷ್ಯರೇ ಅಲ್ಲ, ಕಂಪ್ಯೂಟರ್ ಆಡಿಸುವ ಗೊಂಬೆಗಳು. ಮೊದಲ ವಾರ ‘ನಾನೇ ರಾಜ’ ಅಂತ ಮೆರೆದವನು, ರ‍್ಯಾಂಕ್ ಏರಿದ ಮೇಲೆ ನಿಜವಾದ ಜನ ಸಿಕ್ಕಾಗ ಮಕಾಡೆ ಮಲಗಿದ.

ಡಿಗ್ರಿ ಓದುತ್ತಿದ್ದ ಒಬ್ಬ ಲಕ್ಕಿ ಡ್ರಾ ಬಗ್ಗೆ ಅರ್ಧ ಗಂಟೆ ಬೈದ. ಹತ್ತು ಸಾಮಾನು ಇಟ್ಟಿರುತ್ತಾರೆ, ಒಂದು ಸಲ ತಿರುಗಿಸಿದರೆ ಒಂದು ಬರುತ್ತದೆ. ಬಂದದ್ದು ಮತ್ತೆ ಬರುವುದಿಲ್ಲ, ಅದು ಸರಿ. ಆದರೆ ಪ್ರತಿ ಸಲ ತಿರುಗಿಸುವ ಬೆಲೆ ಏರುತ್ತಾ ಹೋಗುತ್ತದೆ. ಎಲ್ಲರಿಗೂ ಬೇಕಾದ ಮಿನುಗುವ ಬಂದೂಕು ಮೊದಲನೇ ಸಲವೇ ಬಂದರೆ ಅದೃಷ್ಟ, ಕೊನೆಗೆ ಬಂದರೆ ಸಾವಿರಗಟ್ಟಲೆ ಹೋಗಿರುತ್ತದೆ. ‘ಜಾತ್ರೆಯಲ್ಲಿ ರಿಂಗ್ ಎಸೆಯೋ ಅಂಗಡಿ ಇರ್ತದಲ್ಲ, ಅದೇ ಇದು. ಅಲ್ಲಿ ಹತ್ತು ರೂಪಾಯಿ ಹತ್ತೇ ಇರ್ತದೆ’ ಅಂದ. ಬೈದವನ ಹತ್ತಿರ ಅಂಥ ಬಂದೂಕು ಎರಡಿದ್ದವು.

ಚಿಕ್ಕಮ್ಮನ ಮಗಳು ಆಡುತ್ತಾಳೆ ಅಂತ ನನಗೆ ಗೊತ್ತಾಗಿದ್ದೇ ಈ ಅಸೈನ್‌ಮೆಂಟಿನಿಂದ. ಹುಡುಗನ ಹೆಸರಿಟ್ಟುಕೊಂಡು, ಮೈಕ್ ಆಫ್ ಮಾಡಿ ಆಡುತ್ತಾಳಂತೆ. ಯಾಕೆ ಅಂತ ಕೇಳಿದೆ. ‘ಒಂದ್ಸಲ ಮಾತಾಡಿ ನೋಡು, ಹೆಣ್ಣು ಧ್ವನಿ ಮಾಡಿ’ ಅಂದಳು. ಅವಳ ಅಭಿಪ್ರಾಯವನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೆ. ಈಗ ಅನಿಸುತ್ತದೆ, ವರದಿ ಇದ್ದದ್ದೇ ಅಲ್ಲಿ.

ಹತ್ತು ಜನರ ಅಭಿಪ್ರಾಯದಲ್ಲಿ ಒಬ್ಬರದ್ದನ್ನು ಮಾತ್ರ ನಾನು ಕೇಳಲಿಲ್ಲ. ಒಂಬತ್ತಕ್ಕೇ ನಿಲ್ಲಿಸಿ, ಹತ್ತನೆಯದನ್ನು ನನ್ನದೇ ಬರೆದುಕೊಂಡು ಕೊಟ್ಟೆ. ಆ ಒಬ್ಬರು ದೊಡ್ಡಪ್ಪನ ಮಗ, ನಮ್ಮಣ್ಣ.

ಅಣ್ಣನ ಬಲಗೈಗೆ ಹೆಬ್ಬೆರಳಿಲ್ಲ. ಮೇವು ಕತ್ತರಿಸುವ ಮೆಷಿನ್ನಿಗೆ ಜೋಳದ ದಂಟು ಕೊಡುವಾಗ ಹೋಯಿತು, ಪಕ್ಕದ ಬೆರಳು ಉಳಿದದ್ದೇ ಪುಣ್ಯ. ಊರಿನ ಕೆಲವರು ಏಕಲವ್ಯ ಅಂತ ಹೆಸರಿಟ್ಟರು. ಎದುರಿಗೇ ಕರೆಯುತ್ತಿದ್ದರು, ಅವನೂ ನಗುತ್ತಿದ್ದ. ಹಾಲು ಕರೆಯುವುದನ್ನು ಎಡಗೈ ಜೋರಿನಲ್ಲಿ ಮತ್ತೆ ಕಲಿತ.

ಮೊಬೈಲಿನಲ್ಲಿ ಬಂದೂಕಿನ ಆಟ ಅಂದರೆ ಎಡ ಹೆಬ್ಬೆರಳು ಓಡುವುದಕ್ಕೆ, ಬಲ ಹೆಬ್ಬೆರಳು ಗುರಿ ಹಿಡಿದು ಹೊಡೆಯುವುದಕ್ಕೆ. ನಮ್ಮ ಹುಡುಗರಲ್ಲಿ ನಾಲ್ಕು ಬೆರಳಲ್ಲಿ ಏಡಿಯ ಹಾಗೆ ಹಿಡಿದು ಆಡುವವರೂ ಇದ್ದರು, ಅದೊಂದು ದೊಡ್ಡಸ್ತಿಕೆ. ಅಣ್ಣ ಪಬ್‌ಜಿ ಕಾಲದಲ್ಲಿ ತಾರಸಿಗೆ ಬಂದು ಪಕ್ಕದಲ್ಲಿ ಕೂತು ನೋಡುತ್ತಿದ್ದ, ಅಷ್ಟೆ. ‘ಹಿಂದೆ ಒಬ್ಬ ಇದ್ದಾನೆ ನೋಡ್ಲಾ’ ಅಂತ ಹೇಳಿಕೊಡುತ್ತಿದ್ದ. ಅವನ ಕಣ್ಣು ಚುರುಕು.

ಕಾಲ್ ಆಫ್ ಡ್ಯೂಟಿಯಲ್ಲಿ ಶುರುವಿಗೇ ಒಂದು ಆಯ್ಕೆ ಬರುತ್ತದೆ: ಸಿಂಪಲ್ ಮೋಡ್, ಅಡ್ವಾನ್ಸ್ಡ್ ಮೋಡ್. ಅಡ್ವಾನ್ಸ್ಡ್‌ನಲ್ಲಿ ಹೊಡೆಯುವ ಬಟನ್ ನೀವೇ ಒತ್ತಬೇಕು. ಸಿಂಪಲ್‌ನಲ್ಲಿ ಗುರಿಯ ಗುರುತು ಎದುರಾಳಿಯ ಮೇಲೆ ಬಂದರೆ ಸಾಕು, ಬಂದೂಕು ತಾನೇ ಹೊಡೆಯುತ್ತದೆ. ಸಿಂಪಲ್ ಮೋಡ್ ಅಂದರೆ ನಮ್ಮ ಕಟ್ಟೆಯಲ್ಲಿ ಮರ್ಯಾದೆ ಇರಲಿಲ್ಲ. ‘ಅಜ್ಜಿ ಮೋಡ್’ ಅಂತಿದ್ದೆವು.

ಅಣ್ಣ ಆ ಅಜ್ಜಿ ಮೋಡ್ ಹಾಕಿಕೊಂಡ. ಫೋನನ್ನು ಕೈಯಲ್ಲಿ ಹಿಡಿಯದೆ ದಿಂಬಿಗೆ ಒರಗಿಸಿ ನಿಲ್ಲಿಸಿದ. ಎಡ ಹೆಬ್ಬೆರಳಲ್ಲಿ ಓಟ, ಬಲಗೈ ತೋರುಬೆರಳಲ್ಲಿ ಗುರಿ. ಹೊಡೆಯುವುದನ್ನು ಫೋನಿಗೆ ಬಿಟ್ಟ. ಒಂದು ತಿಂಗಳಲ್ಲಿ ನಮ್ಮ ಐದು ಜನರ ತಂಡದಲ್ಲಿ ಅವನಿಗೊಂದು ಜಾಗವಾಯಿತು. ನೂಕ್‌ಟೌನ್ ಅಂತ ಒಂದು ಮೈದಾನ ಇದೆ, ಎದುರುಬದುರು ಎರಡು ಮನೆ, ನಡುವೆ ಒಂದು ಬಸ್ಸು. ಬಸ್ಸಿನ ಪಕ್ಕ ನಿಂತು ಅಣ್ಣ ಎದುರು ಮನೆಯ ಮಹಡಿ ಕಿಟಕಿ ಕಾಯುತ್ತಿದ್ದ. ಆ ಕಿಟಕಿಯಲ್ಲಿ ತಲೆ ಹಾಕಿದವನು ಉಳಿಯುತ್ತಿರಲಿಲ್ಲ.

2021ರ ಎರಡನೇ ಲಾಕ್‌ಡೌನ್. ಒಂದು ರಾತ್ರಿ ನಾವು ನಾಲ್ಕೇ ಜನ ಇದ್ದೆವು, ಐದನೆಯವನಾಗಿ ಯಾರೋ ಹಿಂದಿಯವನು ಬಂದು ಸೇರಿದ. ಅಣ್ಣ ಓಡುವುದು, ತಿರುಗುವುದು ಸ್ವಲ್ಪ ತಡೆದು ತಡೆದು ಇರುತ್ತದೆ, ಒಂದೇ ಬೆರಳಲ್ಲವೆ. ಆ ಹುಡುಗ ಮೈಕಿನಲ್ಲಿ, ‘ಯೇ ಬಾಟ್ ಹೈ ಕ್ಯಾ?’ ಅಂದ. ನಮ್ಮ ತಂಡದ ಒಬ್ಬ, ‘ಆಟೋ ಫೈರ್ ಹೈ ಭಾಯ್, ಆಟೋ ಫೈರ್’ ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ಏನೂ ಅನ್ನಲಿಲ್ಲ. ಮ್ಯಾಚ್ ಮುಗಿಸಿದ, ನಾವು ಗೆದ್ದೆವು. ಮರುದಿನದಿಂದ ಬರಲಿಲ್ಲ. ಕೇಳಿದರೆ, ಹಸು ಗಬ್ಬ ಇದೆ, ರಾತ್ರಿ ಎದ್ದು ನೋಡಬೇಕು ಅಂದ. ಹಸು ಕರು ಹಾಕಿ, ಗಿಣ್ಣು ಹಂಚಿ, ಕರು ಹುಲ್ಲು ತಿನ್ನುವಷ್ಟು ದೊಡ್ಡದಾದರೂ ಅವನು ಬರಲಿಲ್ಲ. ಅಸೈನ್‌ಮೆಂಟ್ ಬಂದದ್ದು ಆ ವರ್ಷದ ಕೊನೆಗೆ. ಅವನನ್ನು ಯಾಕೆ ಕೇಳಲಿಲ್ಲ ಅಂತ ಈಗ ನಿಮಗೆ ಗೊತ್ತಾಗಿರಬಹುದು.

ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಮೇಲೆ ರೂಂಮೇಟಿನ ಪರಿಚಯದವರ ಮನೆಯಲ್ಲಿ ಮೊದಲ ಸಲ ಪ್ಲೇಸ್ಟೇಷನ್ ನೋಡಿದೆ. ಗೋಡೆಯಗಲದ ಟಿವಿ. ಅದರಲ್ಲಿ ನೂಕ್‌ಟೌನ್ ಬಂತು. ನನಗೆ ಊರಿನವರೇ ಎದುರಾದಷ್ಟು ಖುಷಿ, ‘ಅಯ್ಯೋ, ಇದು ನಮ್ಮ ಮ್ಯಾಪು!’ ಅಂದುಬಿಟ್ಟೆ. ಅಲ್ಲಿದ್ದವನು ನನ್ನನ್ನು ನೋಡಿ, ‘ಇದು 2010ರ ಬ್ಲ್ಯಾಕ್ ಆಪ್ಸ್ ಆಟದ್ದು. ನಿಮ್ಮದು ಅದರ ಝೆರಾಕ್ಸು. ಮೊಬೈಲಲ್ಲಿ ಆಡೋದೆಲ್ಲ ಆಟ ಅಲ್ಲ, ಬಿಡು’ ಅಂದ.

(ಆಮೇಲೆ ಓದಿ ತಿಳಿದದ್ದು: ಬ್ಲ್ಯಾಕ್ ಆಪ್ಸ್‌ನ ನೂಕ್‌ಟೌನಿಗೂ ಮೊದಲು ಅಂಥ ಊರುಗಳು ನಿಜವಾಗಿ ಇದ್ದವು. ಅಮೆರಿಕದವರು 1950ರ ದಶಕದಲ್ಲಿ ನೆವಾಡಾ ಮರುಭೂಮಿಯಲ್ಲಿ ಮನೆ ಕಟ್ಟಿ, ಒಳಗೆ ಬಟ್ಟೆ ಅಂಗಡಿಯ ಗೊಂಬೆಗಳನ್ನು ಕೂರಿಸಿ, ಅಣುಬಾಂಬ್ ಹಾಕಿ ಏನಾಗುತ್ತದೆ ಅಂತ ನೋಡಿದ್ದರು. ಆಟದೊಳಗೂ ಗೊಂಬೆಗಳಿವೆ. ನಾವು ಅವುಗಳಿಗೆ ಗುಂಡು ಹೊಡೆದು ಕೈ ಪಳಗಿಸಿಕೊಳ್ಳುತ್ತಿದ್ದೆವು.)

ಅವತ್ತು ಅವನು ಆಡುವುದನ್ನು ನೋಡುತ್ತಾ ಕೂತೆ. ಅವನ ಗುರಿ ಎದುರಾಳಿಯ ಹತ್ತಿರ ಹೋದಾಗ ತಾನಾಗಿಯೇ ಸ್ವಲ್ಪ ಅಂಟಿಕೊಳ್ಳುತ್ತಿತ್ತು. ಏನದು ಅಂತ ಕೇಳಿದೆ. ಏಮ್ ಅಸಿಸ್ಟ್ ಅಂದ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಸಣ್ಣ ಗುಬುಟಿನಲ್ಲಿ ಗುರಿ ಹಿಡಿಯುವುದು ಕಷ್ಟ, ಅದಕ್ಕೆ ಆಟವೇ ಸ್ವಲ್ಪ ಸಹಾಯ ಮಾಡುತ್ತದೆ. ಮೌಸ್ ಹಿಡಿದು ಕಂಪ್ಯೂಟರಿನಲ್ಲಿ ಆಡುವವರು ಇದನ್ನು ಮೋಸ ಅಂತ ವರ್ಷಗಟ್ಟಲೆ ಜಗಳ ಆಡುತ್ತಿದ್ದಾರಂತೆ. ‘ಮೋಸ ಅಲ್ಲ, ಕೈಗೆ ತಕ್ಕ ವ್ಯವಸ್ಥೆ’ ಅಂತ ಅವನೇ ವಾದ ಮಾಡಿದ.

ಕೈಗೆ ತಕ್ಕ ವ್ಯವಸ್ಥೆ. ಬಸ್ಸಿನಲ್ಲಿ ರೂಮಿಗೆ ವಾಪಸು ಬರುವಷ್ಟೂ ಹೊತ್ತು ಅದೇ ಮಾತು ತಲೆಯಲ್ಲಿತ್ತು. ಮೌಸಿನವನು ಕನ್ಸೋಲಿನವನನ್ನು ನೋಡಿ ನಗುತ್ತಾನೆ, ಕನ್ಸೋಲಿನವನು ನನ್ನನ್ನು, ನಾನು ಅಣ್ಣನನ್ನು. ಅಣ್ಣನಿಗೆ ನಗೋಕೆ ಯಾರೂ ಉಳಿದಿರಲಿಲ್ಲ.

2024ರ ಮಾರ್ಚ್ 21ಕ್ಕೆ ಅದೇ ಕಂಪನಿಯ ವಾರ್‌ಜೋನ್ ಮೊಬೈಲ್ ಬಂತು. ಕನ್ಸೋಲಿನಲ್ಲಿ ಇದ್ದ ಹಾಗೇ ಮೊಬೈಲಿನಲ್ಲಿ, 120 ಜನರ ಯುದ್ಧ, ಅಲ್ಲಿ ಗಳಿಸಿದ್ದು ಇಲ್ಲಿಗೂ ಲೆಕ್ಕ ಅಂತ ಬಹಳ ಪ್ರಚಾರ. ನಮ್ಮೂರಿನ ಹುಡುಗರ ವಾಟ್ಸಾಪ್ ಗ್ರೂಪಿನಲ್ಲಿ ಎರಡು ದಿನ ಗಲಾಟೆ, ಮೂರನೇ ದಿನ ಬೈಗುಳ. ಕಡಿಮೆ ರ‍್ಯಾಮ್ ಇದ್ದ ಫೋನುಗಳಿಗೆ ಅದು ಹತ್ತಲೇ ಇಲ್ಲ. ಹತ್ತಿದ ಫೋನಿನಲ್ಲಿ ಗೋಡೆ, ಗಿಡ ಎಲ್ಲ ಮಂಜು ಮಂಜು, ಹತ್ತು ನಿಮಿಷಕ್ಕೆ ಫೋನು ಬಿಸಿ. ‘ದೋಸೆ ಹುಯ್ಯಬಹುದು’ ಅಂತ ಒಬ್ಬ ಫೋಟೋ ಹಾಕಿದ್ದ. ಇದು ನಮ್ಮೂರೊಂದರ ಗೋಳಲ್ಲ, ಬೇರೆ ಬೇರೆ ದೇಶದ ಆಟಗಾರರ ದೂರುಗಳೂ ಇವೇ ಆಗಿದ್ದವು. 2025ರ ಮೇ 18ಕ್ಕೆ ಅದನ್ನು ಸ್ಟೋರಿನಿಂದ ತೆಗೆದರು. ಕನ್ಸೋಲ್, ಕಂಪ್ಯೂಟರಿನವರು ಒಪ್ಪಿದ ಹಾಗೆ ಮೊಬೈಲಿನವರು ಒಪ್ಪಲಿಲ್ಲ ಅಂತ ಕಂಪನಿಯೇ ಹೇಳಿತು. ನಮ್ಮ ‘ಝೆರಾಕ್ಸು’ ಮಾತ್ರ ಹಾಗೇ ನಡೆಯುತ್ತಿತ್ತು.

ಆಮೇಲೆ ದೀಪಾವಳಿಗೆ ಊರಿಗೆ ಹೋದಾಗ ರಾತ್ರಿ ಊಟ ಮುಗಿಸಿ ದೊಡ್ಡಪ್ಪನ ಮನೆ ತಾರಸಿ ಹತ್ತಿದೆ. ಅಣ್ಣ ಚಾಪೆ ಹಾಸಿಕೊಂಡು, ದಿಂಬಿಗೆ ಫೋನ್ ಒರಗಿಸಿಕೊಂಡು ಆಡುತ್ತಿದ್ದ. ನಾನು ನಿಂತುಬಿಟ್ಟೆ. ಅವನು ನಿಲ್ಲಿಸಿಯೇ ಇರಲಿಲ್ಲವಂತೆ. ನಮ್ಮ ಜೊತೆ ಆಡುವುದನ್ನು ಮಾತ್ರ ಬಿಟ್ಟಿದ್ದ. ಬೇರೆ ಹೆಸರಿನಲ್ಲಿ, ಮೈಕ್ ಆಫ್ ಮಾಡಿ, ನಮ್ಮ ಚಿಕ್ಕಮ್ಮನ ಮಗಳ ಹಾಗೆ. ರ‍್ಯಾಂಕ್ ಲೆಜೆಂಡರಿ ಅಂತ ತೋರಿಸುತ್ತಿತ್ತು. ನಾನು ಅಲ್ಲಿವರೆಗೆ ಯಾವತ್ತೂ ಹತ್ತಿದವನಲ್ಲ.

‘ಅಣ್ಣ, ಈ ಆಟದ ಬಗ್ಗೆ ಬರೀತಾ ಇದ್ದೀನಿ. ನಿನ್ನ ಅಭಿಪ್ರಾಯ ಹೇಳು’ ಅಂದೆ. ಅಷ್ಟು ವರ್ಷಕ್ಕೆ ಬಂದ ಮಾತು ಅದು.

ಅವನು ಕಣ್ಣು ತೆಗೆಯದೆ ಹೇಳಿದ: ‘ಮ್ಯಾಚು ಸಣ್ಣದು. ಹತ್ತು ನಿಮಿಷಕ್ಕೆ ಮುಗೀತದೆ, ಹಸು ಕೂಗೋದ್ರೊಳಗೆ. ಆ ಡ್ರಾ ಗೀ ಎಲ್ಲ ಮುಟ್ಟಬಾರ್ದು. ಆಟೋ ಫೈರು ದೂರದವ್ರಿಗೆ ಆಗಲ್ಲ, ಹತ್ರ ಹೋಗ್ಬೇಕು. ಯಾವ ದಾರೀಲಿ ಬರ್ತಾರೆ ಅಂತ ಮೊದ್ಲೇ ಗೊತ್ತಿರ್ಬೇಕು. ಅದು ಬೆರಳಿಂದಲ್ಲ.’

ಸ್ವಲ್ಪ ಹೊತ್ತು ಬಿಟ್ಟು ನಾನು, ‘ಅವತ್ತು ರಾತ್ರಿ...’ ಅಂತ ಶುರು ಮಾಡಿದೆ.

‘ನೀನು ನಕ್ಕಿದ್ದು ಕೇಳಿಸ್ತು ಕಣ್ಲಾ’ ಅಂದ. ‘ಬೇರೆಯವ್ರು ನಗೋದು ದಿನಾ ಇದ್ದಿದ್ದೆ.’

ಅದಕ್ಕೆ ನಾನು ಏನು ಹೇಳಿದೆ ಅನ್ನುವುದು ಇಲ್ಲಿ ಬೇಡ. ಸರಿಯಾಗಿ ಹೇಳಲೂ ಬರಲಿಲ್ಲ. ಅವನು ಮ್ಯಾಚ್ ಮುಗಿಸಿ, ‘ಫೋನ್ ತೆಗಿ’ ಅಂದ. ತೆಗೆದೆ. ವರ್ಷಗಳಾದ ಮೇಲೆ ತೆರೆದಿದ್ದಕ್ಕೆ ಅಪ್‌ಡೇಟ್ ಕೇಳಿತು, ಎರಡು ಜಿಬಿಗಿಂತ ಹೆಚ್ಚು. ಟ್ಯಾಂಕಿನ ಕಡೆ ಫೋನ್ ಮಾಡಿ ಹಿಡಿದು, ಅದು ಇಳಿಯುವವರೆಗೆ ಇಬ್ಬರೂ ಚಾಪೆಯ ಮೇಲೆ ಕೂತೆವು. ಸೊಳ್ಳೆ ವಿಪರೀತ. ಅಣ್ಣ ಹಸುಗಳ ಬಗ್ಗೆ, ಈ ಸಲದ ಕೊಬ್ಬರಿ ರೇಟಿನ ಬಗ್ಗೆ ಮಾತಾಡಿದ. ಹನ್ನೊಂದು ಹೊಡೆದ ಮೇಲೆ ಆಟ ಶುರುವಾಯಿತು. ಸೆಟ್ಟಿಂಗ್ಸ್‌ಗೆ ಹೋಗಿ ನಾನೂ ಸಿಂಪಲ್ ಮೋಡ್ ಹಾಕಿಕೊಂಡೆ. ಅಣ್ಣ ಬಗ್ಗಿ ನೋಡಿ, ‘ನಿಂಗ್ಯಾಕ್ಲಾ ಅದು, ಬೆರಳು ನೆಟ್ಟಗವಲ್ಲ, ಒತ್ತು’ ಅಂತ ಬೈದು ತಾನೇ ವಾಪಸು ಬದಲಿಸಿದ.

ನೂಕ್‌ಟೌನೇ ಬಂತು. ಅವನು ಬಸ್ಸಿನ ಪಕ್ಕ ನಿಂತ. ನಾನು ಮಹಡಿ ಹತ್ತಿದೆ, ಹತ್ತಿದ ಕೂಡಲೇ ಸತ್ತೆ.