ಜೆ.ಸಿ. ರಸ್ತೆಯ ಓಣಿಯಲ್ಲಿ ಉಸಿರು ಹೋದ ಸಿಲಿಂಡರು

ಬೆಂಗಳೂರಿನ ಪುಟ್ಟಣ್ಣ ಚೆಟ್ಟಿ ಪುರಭವನ 1935ರಷ್ಟು ಹಳೆಯದು. ಅದಕ್ಕೆ ಬೆನ್ನು ತಿರುಗಿಸಿ, ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ವೃತ್ತದ ಕಡೆ ನಡೆದರೆ ನಾಟಕದ ಪೋಸ್ಟರುಗಳು ಮುಗಿದು ಟೈರು, ಹಾರನ್ನು, ಸೀಟು ಕವರುಗಳ ಲೋಕ ಶುರುವಾಗುತ್ತದೆ. ಜಯಚಾಮರಾಜೇಂದ್ರ ರಸ್ತೆ ಎಂಬ ಪೂರ್ತಿ ಹೆಸರನ್ನು ಇಲ್ಲಿ ಯಾರೂ ಹೇಳುವುದಿಲ್ಲ, ಜೆ.ಸಿ. ರೋಡ್ ಎಂದರೆ ಸಾಕು. ಮುಖ್ಯ ರಸ್ತೆಯಲ್ಲಿ ಕಾಣುವುದು ಹೊಳಪು. ಕಸುಬು ಇರುವುದು ಹಿಂದಿನ ಓಣಿಗಳಲ್ಲಿ, ಕಪ್ಪು ಎಣ್ಣೆ ಕುಡಿದ ನೆಲದ ಮೇಲೆ.

ಅಂಥದೊಂದು ಓಣಿಗೆ ಒಂದು ಶನಿವಾರ ಬೆಳಿಗ್ಗೆ ಕನಕಪುರದ ಹಳೆಯ ಮಾರುತಿ 800 ನಡುಗುತ್ತ ಬಂದು ನಿಂತಿತು. ದಿನಸಿ ಅಂಗಡಿಯ ಯಜಮಾನರು, ಜೊತೆಗೆ ದ್ವಿತೀಯ ಪಿಯುಸಿ ವಿಜ್ಞಾನ ಓದುವ ಮಗಳು. 1983ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ರಸ್ತೆಗಿಳಿದು, 2014ರಲ್ಲಿ ತಯಾರಿಕೆ ನಿಂತುಹೋದ ಈ ಗಾಡಿಗೆ 796 ಸಿ.ಸಿ.ಯ ಪುಟ್ಟ ಎಂಜಿನ್, ಇರುವುದೇ ಮೂರು ಸಿಲಿಂಡರು. ಒಂದು ಕೈಕೊಟ್ಟರೆ ಶಕ್ತಿಯಲ್ಲಿ ಮೂರನೇ ಒಂದು ಪಾಲು ಹೋದ ಹಾಗೆ. ಸಣ್ಣ ಏರು ಸಿಕ್ಕರೂ ಎರಡನೇ ಗೇರಿಗೆ ಇಳಿಯಬೇಕು.

ಊರಿನ ಗ್ಯಾರೇಜಿನಲ್ಲಿ ತೀರ್ಪು ಆಗಿಹೋಗಿತ್ತು: ಬೋರ್ ಸವೆದಿದೆ, ಎಂಜಿನ್ ಇಳಿಸಬೇಕು, ಪಿಸ್ಟನ್ನು ರಿಂಗು ಎಲ್ಲ ಹೊಸದು. ಹೇಳಿದ ಮೊತ್ತ ಹೆಚ್ಚುಕಡಿಮೆ ಮಗಳ ಕಾಲೇಜು ಫೀಸಿಗೆಂದು ತೆಗೆದಿಟ್ಟಿದ್ದಷ್ಟೇ.

ಮೇಸ್ತ್ರಿ ಎಲ್ಲ ಕೇಳಿ ಒಂದೇ ಮಾತು ಕೇಳಿದರು. ‘ಅಳತೆ ಮಾಡಿದ್ರಾ ಸಾರ್?’

ಮಾಡಿರಲಿಲ್ಲ.

ಮೊದಲು ಎಂಜಿನ್ ಓಡುತ್ತಿರುವಾಗಲೇ ಪ್ಲಗ್ಗಿನ ತಂತಿಗಳನ್ನು ಒಂದೊಂದಾಗಿ ಕಿತ್ತು ನೋಡಿದ್ದಾಯಿತು. (ಸಾವಿರಾರು ವೋಲ್ಟು ಹರಿಯುವ ತಂತಿ ಅದು. ಮೇಸ್ತ್ರಿಯ ಇಕ್ಕಳಕ್ಕೆ ರಬ್ಬರ್ ಹಿಡಿ ಇತ್ತು. ಮಕ್ಕಳು ಮನೆಯಲ್ಲಿ ಈ ಪ್ರಯೋಗಕ್ಕೆ ಕೈ ಹಾಕಬಾರದು.) ಮೊದಲನೆಯದನ್ನು ಕಿತ್ತಾಗ ನಡುಕ ಹೆಚ್ಚಿತು, ಎರಡನೆಯದಕ್ಕೂ ಹಾಗೆಯೇ. ಮೂರನೆಯದನ್ನು ಕಿತ್ತಾಗ ಏನೂ ವ್ಯತ್ಯಾಸವಿಲ್ಲ. ಕಳ್ಳ ಯಾರೆಂದು ಗೊತ್ತಾಯಿತು. ಪ್ಲಗ್ಗು ಅದಲು ಬದಲು ಮಾಡಿದರೂ ರೋಗ ಮೂರನೆಯದರಲ್ಲೇ ಉಳಿಯಿತು.

ಆಮೇಲೆ ಗೇಜು ಹೊರಬಂತು. ಬಿಸಿ ಎಂಜಿನ್ನಿನ ಮೂರೂ ಪ್ಲಗ್ಗು ಬಿಚ್ಚಿ, ಕಾಯಿಲ್ ತಂತಿ ತೆಗೆದು, ಪೆಟ್ರೋಲು, ಗ್ಯಾಸು ಎರಡನ್ನೂ ನಿಲ್ಲಿಸಿದರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವುದು ಮಗಳ ಕೆಲಸ. ಗಾಳಿಯ ದಾರಿ ಮುಚ್ಚಿದ್ದರೆ ಅಳತೆ ಸುಳ್ಳಾಗುತ್ತದೆ. ಪ್ರತಿ ಸಿಲಿಂಡರಿಗೂ ಐದಾರು ಸುತ್ತು ಸ್ಟಾರ್ಟರ್ ತಿರುಗಿಸಿದಾಗ ಮುಳ್ಳು ತೋರಿಸಿದ್ದು 155, 150, 60. ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂದು ಲೆಕ್ಕ.

ಹುಡುಗಿ ಅಂಗಡಿಯ ಬಿಲ್ಲಿನ ಹಿಂದೆ ಬಾಯ್ಲನ ನಿಯಮ ಬರೆದಳು. ಗಾಳಿ ಸುಮಾರು ಒಂಬತ್ತರಲ್ಲಿ ಒಂದು ಪಾಲಿಗೆ ಕುಗ್ಗಿದರೆ ಒತ್ತಡ ಒಂಬತ್ತು ಪಟ್ಟು. ಹೊರಗಿನ ವಾತಾವರಣದ್ದು ಕಳೆದರೆ ಗೇಜಿನಲ್ಲಿ 118 ಬರಬೇಕು. ಬಂದದ್ದು 155! ತಪ್ಪು ಗೇಜಿನದಲ್ಲ. ಬಾಯ್ಲನ ನಿಯಮ ಉಷ್ಣತೆ ಬದಲಾಗದಿದ್ದರೆ ಮಾತ್ರ. ಸೈಕಲ್ ಪಂಪಿನ ತುದಿ ಕೈ ಸುಡುವುದನ್ನು ಕಂಡವರಿಗೆ ಉಳಿದದ್ದು ಹೇಳಬೇಕಿಲ್ಲ: ಒಮ್ಮೆಲೇ ಒತ್ತಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದದ್ದು ಇನ್ನಷ್ಟು ಒತ್ತುತ್ತದೆ. ಪರೀಕ್ಷೆಗೆ ಬಾಯಿಪಾಠ ಮಾಡುವ ಷರತ್ತು ಹೀಗೆ ಓಣಿಯಲ್ಲಿ ಎದುರಾಗುವುದು ಅಪರೂಪ.

ಸರಿ, 60 ಏಕೆ? ಗಾಳಿ ಸೋರುವ ದಾರಿಗಳು ಮುಖ್ಯವಾಗಿ ಮೂರು. ಪಿಸ್ಟನ್ನಿನ ರಿಂಗಿನ ಪಕ್ಕದಿಂದ ಕೆಳಕ್ಕೆ, ವಾಲ್ವಿನ ಸಂದಿನಿಂದ ಹೊರಕ್ಕೆ, ಇಲ್ಲವೇ ಸುಟ್ಟ ಹೆಡ್ ಗ್ಯಾಸ್ಕೆಟ್ಟಿನಿಂದ ಅಡ್ಡಕ್ಕೆ. ಪ್ಲಗ್ಗಿನ ತೂತಿನಿಂದ ಒಂದು ಚಮಚ ಎಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆದರು. ರಿಂಗು, ಬೋರು ಸವೆದಿದ್ದರೆ ಎಣ್ಣೆ ಆ ಸಂದನ್ನು ಮುಚ್ಚಿ ಮುಳ್ಳು ಜಿಗಿಯಬೇಕು. ಬಂದದ್ದು 65. ಯಜಮಾನರ ಮುಖ ಸ್ವಲ್ಪ ತಿಳಿಯಾಯಿತು. ಊರಿನವರು ಹೇಳಿದ ಬೋರು ಹೋಗಿರಲಿಲ್ಲ.

ಮುಂದಿನದಕ್ಕೆ ಕಿವಿಯೇ ಉಪಕರಣ. ಎರಡೂ ವಾಲ್ವು ಮುಚ್ಚಿರುವಂತೆ ಪಿಸ್ಟನ್ನನ್ನು ಮೇಲಕ್ಕೆ ತಂದು, ಎಂಜಿನ್ ತಿರುಗದಂತೆ ಗೇರು ಹಾಕಿ, ಪ್ಲಗ್ಗಿನ ತೂತಿಗೆ ಕಂಪ್ರೆಸರ್ ಗಾಳಿ ಕೊಟ್ಟರು. ಎಣ್ಣೆ ತುಂಬುವ ಬಾಯಿಯಲ್ಲಿ ಸದ್ದಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಏಳಲಿಲ್ಲ, ಅಂದರೆ ಗ್ಯಾಸ್ಕೆಟ್ಟು ನೀರಿನ ಕಡೆಗೆ ಸೋರುತ್ತಿಲ್ಲ. ಪಕ್ಕದ ಎರಡನೆಯ ಸಿಲಿಂಡರು ಹೇಗೂ 150 ತೋರಿಸಿತ್ತು. ಕಾರ್ಬ್ಯುರೇಟರಿನಲ್ಲೂ ಮೌನ.

‘ಬಾಮ್ಮಾ, ಸೈಲೆನ್ಸರ್ ಹತ್ರ ಕಿವಿ ಕೊಡು’ ಎಂದರು ಮೇಸ್ತ್ರಿ.

ಹುಡುಗಿ ಗಾಡಿಯ ಹಿಂದೆ ಮೊಣಕಾಲೂರಿದಳು. ಓಣಿಯ ಗದ್ದಲ, ಹಾರನ್ನು, ಪಕ್ಕದವನ ಸುತ್ತಿಗೆ. ಅದರ ನಡುವೆ ಸಣ್ಣಗೆ ‘ಸ್‌ಸ್‌ಸ್’. ‘ಬರ್ತಿದೆ ಅಂಕಲ್!’

ಹೊಗೆ ಬಿಡುವ ವಾಲ್ವು ಪೂರ್ತಿ ಮುಚ್ಚುತ್ತಿಲ್ಲ. ಮೇಲಿನ ಕವರು ತೆಗೆದು ನೋಡಿದರೆ ಟ್ಯಾಪೆಟ್ಟಿನಲ್ಲಿ ಸಂದೇ ಇಲ್ಲ. ಕೂದಲೆಳೆಯಂಥ ಫೀಲರ್ ಪಟ್ಟಿಯೂ ತೂರಲಿಲ್ಲ. ಗ್ಯಾಸಿನಲ್ಲಿ ಬಹಳ ಓಡಿದ ಗಾಡಿಗಳಲ್ಲಿ ವಾಲ್ವಿನ ಸೀಟು ಸವೆದು ವಾಲ್ವು ಮೇಲಕ್ಕೆ ಸರಿಯುತ್ತದೆ, ಸಂದು ಮುಚ್ಚಿಹೋಗುತ್ತದೆ. ವಾಲ್ವು ತನ್ನ ಬಿಸಿಯನ್ನು ದಾಟಿಸುವುದು ಸೀಟಿಗೆ ಕೂತಾಗ. ಕೂರಲು ಬಿಡದಿದ್ದರೆ ಅಂಚು ಸುಡುತ್ತದೆ. ಟ್ಯಾಪೆಟ್ ಸರಿಮಾಡಿ ಅಳೆದರೆ 110. ಏರಿತು, ಆದರೆ ಸಾಲದು. ಅಂಚು ಆಗಲೇ ಸುಟ್ಟಿದೆ. ಹೆಡ್ ಬಿಚ್ಚಲೇಬೇಕು.

ಬಿಚ್ಚಲು ಮಧ್ಯಾಹ್ನದ ತನಕ ಕಾದರು. ಅಲ್ಯೂಮಿನಿಯಂ ಹೆಡ್ಡನ್ನು ಬಿಸಿಯಲ್ಲಿ ಬಿಚ್ಚಿದರೆ ಸೊಟ್ಟಗಾದೀತು. ಅವಸರದ ಗಿರಾಕಿಗಳಿಗೆ ಇದನ್ನು ಒಪ್ಪಿಸುವುದೇ ಈ ಕಸುಬಿನ ಕಷ್ಟದ ಭಾಗವಿರಬೇಕು. ಹೊರಬಂದ ವಾಲ್ವಿನ ಅಂಚಿನಲ್ಲಿ ರಾಗಿ ಕಾಳಿನಷ್ಟು ಕಚ್ಚು. ಸಿಲಿಂಡರಿನ ಗೋಡೆ ನುಣುಪಾಗಿಯೇ ಇತ್ತು.

ಹೆಡ್ಡನ್ನು ಗೋಣಿಚೀಲದಲ್ಲಿ ಸುತ್ತಿ, ಸೀಟು ಕಟಿಂಗಿಗೆಂದು ಹುಡುಗನೊಬ್ಬ ಲೇತ್ ಅಂಗಡಿಗೆ ಒಯ್ದ. ಖರ್ಚು ಊರಿನವರು ಹೇಳಿದ್ದರ ಕಾಲು ಭಾಗವೂ ಇಲ್ಲ. ಸೋಮವಾರ ಸಂಜೆ ಗಾಡಿ ಸಿಗುತ್ತದೆ ಎಂದರು ಮೇಸ್ತ್ರಿ. ಅಪ್ಪ ಮಗಳು ಬಸ್ಸಿನಲ್ಲಿ ಕನಕಪುರಕ್ಕೆ ಹೊರಟಾಗ ಸುಟ್ಟ ವಾಲ್ವು, ಪೇಪರಿನಲ್ಲಿ ಸುತ್ತಿಕೊಂಡು, ಅವಳ ಬ್ಯಾಗಿನಲ್ಲಿತ್ತು.