ತಳದ ತಗಡೂ ಲೆಕ್ಕ ಕೇಳುತ್ತದೆ

ಥರ್ಮೊಕೋಲ್ ತೊಟ್ಟಿಗೆ ದ್ರವ ಸಾರಜನಕ ಸುರಿಯುತ್ತಿದ್ದೀರಿ. ಕಾದ ಹೆಂಚಿಗೆ ನೀರು ಬಿದ್ದ ಹಾಗೆ ಚುರ್ರೆನ್ನುತ್ತದೆ, ಬಿಳಿ ಮಂಜು ಉಕ್ಕಿ ಮೇಜಿನ ಅಂಚಿನಿಂದ ನಿಮ್ಮ ಮೊಣಕಾಲಿಗೆ ಇಳಿಯುತ್ತದೆ. ಮೂಗಿಗೆ ಬಡಿಯುತ್ತಿರುವುದು ಈಗಷ್ಟೇ ಹಾಕಿದ ಬೆಸುಗೆಯ ಘಾಟು. ಸಾರಜನಕಕ್ಕೆ ವಾಸನೆಯೇ ಇಲ್ಲ, ಭಯವಿರುವುದೂ ಅಲ್ಲೇ: ಕೋಣೆಯ ಆಮ್ಲಜನಕವನ್ನು ಅದು ಸದ್ದಿಲ್ಲದೆ ಹೊರಗೆ ದೂಡಬಲ್ಲದು. ಗೋಡೆಯ ಮಾಪಕದತ್ತ ಇನ್ನೊಮ್ಮೆ ಕಣ್ಣು ಹಾಯಿಸುತ್ತೀರಿ.

ಕುದಿ ಅಡಗುತ್ತದೆ. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಆ ಚಳಿಯಲ್ಲಿ 4 ಮಿಲಿಮೀಟರ್ ಅಗಲದ ಪಟ್ಟಿಯೊಂದು ಮುಳುಗಿದೆ. ಅದರಲ್ಲಿ ಸೂಪರ್‌ಕಂಡಕ್ಟರ್ ಪದರ ಸುಮಾರು 1 ಮೈಕ್ರಾನ್ ಮಾತ್ರ. ಅದನ್ನು ಹೊತ್ತಿರುವುದು 75 ಮೈಕ್ರಾನಿನ ನಿಕಲ್-ಟಂಗ್‌ಸ್ಟನ್ ತಗಡು. ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯದಲ್ಲಿ ಅಮಿತ್ ಗೋಯಲ್ ಮತ್ತು ಸಂಗಡಿಗರು 1996ರ ಹೊತ್ತಿಗೆ ತೋರಿಸಿಕೊಟ್ಟ ದಾರಿ ಇದು. ಲೋಹವನ್ನು ಉರುಳೆಗಳ ನಡುವೆ ತೆಳುವಾಗಿಸಿ ಕಾಯಿಸಿದರೆ ಅದರ ಹರಳುಗಳು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ, ಮೇಲಿನ ಪದರವೂ ಅದೇ ಸಾಲು ಹಿಡಿಯುತ್ತದೆ. ಆದರೆ ನೂರಕ್ಕೆ 5 ಪರಮಾಣುಗಳಷ್ಟು ಟಂಗ್‌ಸ್ಟನ್ ಬೆರೆಸಿದರೂ ಈ ಚಳಿಯಲ್ಲಿ ನಿಕಲ್‌ನ ಕಾಂತಗುಣ ಸಾಯುವುದಿಲ್ಲ.

50 ಹರ್ಟ್ಸ್‌ನಲ್ಲಿ ಕರೆಂಟ್ ಹರಿಸುತ್ತೀರಿ. ಟ್ರಾನ್ಸ್‌ಫಾರ್ಮರ್‌ನ ಗುಂಯ್ ಸದ್ದು ಮೇಜಿಗೆ ಊರಿದ ಮೊಣಕೈಗೆ ನಡುಕವಾಗಿ ತಾಕುತ್ತದೆ. ಪಟ್ಟಿಗೆ ಬೆಸೆದ ಎರಡು ಸಣ್ಣ ತಂತಿಗಳ ನಡುವಿನ ವೋಲ್ಟೇಜಿನಲ್ಲಿ, ಕರೆಂಟಿನ ಜೊತೆಗೇ ಏರಿ ಇಳಿಯುವ ಪಾಲು ಮಾತ್ರ ಶಾಖವಾಗಿ ಕಳೆದುಹೋಗುವ ಶಕ್ತಿಯದು, ಅಂದರೆ ನಷ್ಟದ್ದು. ಅದು ಕೆಲವೇ ಮೈಕ್ರೊವೋಲ್ಟ್. ಕಾಲು ಆವರ್ತ ಮುಂದೆ ಓಡುವ ಪ್ರೇರಿತ ವೋಲ್ಟೇಜು ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಆ ಎರಡನ್ನು ಬೇರ್ಪಡಿಸುವ ಫೇಸ್ ಗುಂಡಿಯನ್ನು ತುಸುವೇ ತಪ್ಪಿ ತಿರುಗಿಸಿದರೂ ನೀವು ಬರೆದುಕೊಳ್ಳುವ ಅಂಕಿ ಸುಳ್ಳಾಗುತ್ತದೆ. ಉಸಿರು ಬಿಗಿಹಿಡಿದು ತಿರುಗಿಸುತ್ತೀರಿ.

ಅಲೆಯ ತುದಿಯಲ್ಲಿ 20 ಆಂಪಿಯರ್. 40. 60. ಈ ಪಟ್ಟಿಯ ಮಿತಿ 100ರ ಆಸುಪಾಸು. ಅದನ್ನು ದಾಟಿದರೆ ಬಿಸಿ ಒಂದೇ ಕಡೆ ಕೂಡುತ್ತದೆ; ಪಕ್ಕಕ್ಕೆ ಹರಡುವುದು ಬಲು ನಿಧಾನ, ಅಷ್ಟರಲ್ಲಿ ಅಲ್ಲೇ ಸುಟ್ಟುಹೋಗುತ್ತದೆ. 80. ಅಂಗೈ ಬೆವರುತ್ತಿದೆ. 90. ಇನ್ನೊಂದು ಅಳತೆ ಬೇಕೇ? ಒಂದೇ ಜಾಗದಿಂದ ಗುಳ್ಳೆಗಳು ಏಳುತ್ತಿವೆ. ಅಂಕಿ ಜಿಗಿಯುತ್ತದೆ. ತಟ್ಟನೆ ಸ್ವಿಚ್ ಆರಿಸುತ್ತೀರಿ. ಪಟ್ಟಿ ಉಳಿದಿದೆ.

ಈಗ ಗ್ರಾಫ್. ಇಂಥ ನಷ್ಟಕ್ಕೆ ನಾರಿಸ್ 1970ರಲ್ಲಿ ಕೊಟ್ಟ ಸೂತ್ರದ ಗೆರೆ ಪರದೆಯ ಮೇಲಿದೆ. ಮಿತಿಗಿಂತ ಸಾಕಷ್ಟು ಕೆಳಗೆ, ತೆಳು ಪಟ್ಟಿಯಲ್ಲಿ ಕರೆಂಟ್ ಅರ್ಧಕ್ಕಿಳಿದರೆ ನಷ್ಟ ಹೆಚ್ಚುಕಡಿಮೆ ಹದಿನಾರನೇ ಒಂದು ಭಾಗಕ್ಕೆ ಕುಸಿಯಬೇಕು. ಮೇಲ್ತುದಿಯಲ್ಲಿ ನಿಮ್ಮ ಬಿಂದುಗಳು ಗೆರೆಯ ಹತ್ತಿರವೇ ಇವೆ, ಕೆಳತುದಿಯಲ್ಲಿ ಇಳಿಯಲು ಒಪ್ಪುತ್ತಿಲ್ಲ. ಹೊಟ್ಟೆಯಲ್ಲಿ ಕಸಿವಿಸಿ. ಫೇಸ್ ತಪ್ಪಿತೇ? ಮತ್ತೆ ಅಳೆಯುತ್ತೀರಿ. ಅದೇ ಅಂಕಿ. ಆ ಸೂತ್ರದಲ್ಲಿ ತಗಡಿಗೆ ಜಾಗವೇ ಇಲ್ಲ.

ಹಾಗಾಗಿ ತಗಡನ್ನು ಕಂಪ್ಯೂಟರಿನ ಮಾದರಿಯೊಳಗೆ ತರುತ್ತೀರಿ. ಅದರ ಕಾಂತೀಯ ಪಾರಗಮ್ಯತೆಗೆ ಒಂದೇ ಸ್ಥಿರಾಂಕ ಕೊಟ್ಟರೆ ಉತ್ತರ ಬೇಗ ಸಿಗುತ್ತದೆ. ಆದರೆ ಕಾಂತಕ್ಷೇತ್ರ ಹೆಚ್ಚಿದಂತೆ ಆ ಗುಣ ಮೊದಲು ಏರುತ್ತದೆ, ಲೋಹ ಕಾಂತತೆಯಿಂದ ತುಂಬಿದ ಮೇಲೆ ಬೀಳುತ್ತದೆ. ಕ್ಷೇತ್ರ ದಟ್ಟವಾಗುವುದು ಪಟ್ಟಿಯ ಅಂಚುಗಳಲ್ಲಿ, ನಷ್ಟ ಹುಟ್ಟುವುದೂ ಹೆಚ್ಚಾಗಿ ಅಲ್ಲೇ. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವ್ಯರ್ಥ. ಪಾರಗಮ್ಯತೆಯ ಇಡೀ ಕೋಷ್ಟಕವನ್ನೇ ಕೊಡುತ್ತೀರಿ. ಕರೆಂಟ್ ದಿಕ್ಕು ಬದಲಿಸುವಲ್ಲಿ ಲೆಕ್ಕ ಹೆಜ್ಜೆ ಕಿರಿದಾಗಿಸಿ ತೆವಳುತ್ತದೆ, ಫ್ಯಾನ್ ಮೊರೆಯುತ್ತದೆ, ನಿಮ್ಮ ಹೆಗಲು ಸೆಟೆದುಕೊಳ್ಳುತ್ತದೆ.

ಕಾಂತತೆ ಅತ್ತಿತ್ತ ತಿರುಗುವಾಗ ಬರಿ ತಗಡಿನಲ್ಲಿ ಆಗುವ ಹಿಸ್ಟೆರೆಸಿಸ್ ನಷ್ಟವನ್ನು ಬೇರೆಯಾಗಿಯೇ ಅಳೆದಿಟ್ಟಿದ್ದೀರಿ. ಮಾದರಿಯ ಪ್ರತಿ ತುಣುಕಿನಲ್ಲೂ ಕ್ಷೇತ್ರ ಮುಟ್ಟಿದ ಗರಿಷ್ಠ ಹಿಡಿದು ಆ ನಷ್ಟವನ್ನು ಕೂಡಿಸುತ್ತೀರಿ. ಕೆಳತುದಿಯ ಗೆರೆ ಮೇಲೇಳುತ್ತದೆ, ಬಿಂದುಗಳನ್ನು ಹಾದುಹೋಗುತ್ತದೆ! ಕಡಿಮೆ ಕರೆಂಟಿನಲ್ಲಿ ಶಕ್ತಿ ತಿನ್ನುವುದು ಹೆಚ್ಚಾಗಿ ತಗಡು. ಮಿತಿಯ ಬಳಿ ಸೂಪರ್‌ಕಂಡಕ್ಟರ್‌ನ ಪಾಲೇ ದೊಡ್ಡದು. ಕೆಳತುದಿ ಕ್ಷುಲ್ಲಕ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಇಂಥ ಪಟ್ಟಿಗಳಿಂದ ಮಾಡಿದ ಕೇಬಲ್ ಹಗಲಿರುಳೂ ತುಂಬು ಹೊರೆ ಹೊರುವುದಿಲ್ಲ, ಮತ್ತು ಈ ಚಳಿಯಿಂದ 1 ವಾಟ್ ಶಾಖ ಹೊರಹಾಕಲು ಶೀತಕ ಯಂತ್ರ ಸುಮಾರು 10ರಿಂದ 20 ವಾಟ್ ಬೇಡುತ್ತದೆ.

ಮಾದರಿಯ ಫೈಲಿನಲ್ಲಿ ಈಗ ಪಟ್ಟಿಗಳು ಎರಡು, ಒಂದರ ಮೇಲೊಂದು. ತಗಡುಗಳು ಎದುರುಬದುರಾಗಬೇಕೋ, ಸೂಪರ್‌ಕಂಡಕ್ಟರ್ ಪದರಗಳೋ? ಎರಡನ್ನೂ ಲೆಕ್ಕಕ್ಕೆ ಹಚ್ಚುತ್ತೀರಿ, ತಗಡುಗಳು ಎದುರಾದದ್ದನ್ನು ಮೊದಲು.