ಟ್ರಾನ್‌ಗೇಟಿನ ಅಂಗಡಿ ಮೇಲೊಂದು ರಂಗಶಾಲೆ

ಗ್ಲಾಸ್ಗೋ ನಗರದ ಟ್ರಾನ್‌ಗೇಟ್ ಬೀದಿಯಲ್ಲಿ ಹೋಗುವವರ ಕಣ್ಣು ಸಾಮಾನ್ಯವಾಗಿ ಅಂಗಡಿಗಳ ಬೋರ್ಡಿನಿಂದ ಮೇಲೇಳುವುದಿಲ್ಲ. ಕತ್ತೆತ್ತಿದವರಿಗೆ ಮಾತ್ರ ಬ್ರಿಟಾನಿಯಾ ಪ್ಯಾನಾಪ್ಟಿಕನ್ನಿನ ಹಳೇ ಕಿಟಕಿಸಾಲು ಕಂಡೀತು. ಪಕ್ಕದ ಇಕ್ಕಟ್ಟು ಓಣಿಗೆ ಹೊರಳಿ ಮೆಟ್ಟಿಲು ಹತ್ತಿದೆ. ಅಂಗಡಿಯ ತಲೆಯ ಮೇಲೆ ಒಂದು ಇಡೀ ರಂಗಶಾಲೆ! ಕುದುರೆ ಲಾಳದಂತೆ ಬಾಗಿದ ಮರದ ಬಾಲ್ಕನಿ, ಪುಟ್ಟ ರಂಗ, ಬಣ್ಣ ಸುಲಿದ ಗೋಡೆ. ಬಾಯಿಗೆ ಮಾತೇ ಬರಲಿಲ್ಲ.

ಇಲ್ಲಿ ಮ್ಯೂಸಿಕ್ ಹಾಲ್ ಶುರುವಾದದ್ದು 1859ರಲ್ಲಿ. ಪಬ್ಬುಗಳ ಹಿಂಕೋಣೆಯಲ್ಲಿ ನಡೆಯುತ್ತಿದ್ದ ಹಾಡಿನ ಕೂಟಗಳು ಬೆಳೆದು ದೊಡ್ಡ ಭವನಗಳಾಗುತ್ತಿದ್ದ ಕಾಲ ಅದು. ಹಾಡು, ಕುಣಿತ, ನಗೆಮಾತು, ಕಣ್ಕಟ್ಟು, ಕಸರತ್ತು ಎಲ್ಲವೂ ಒಂದೇ ಟಿಕೆಟ್ಟಿಗೆ. ಹಡಗುಕಟ್ಟೆ, ಗಿರಣಿ ಬಿಟ್ಟು ಬಂದ ಸುಮಾರು 1,500 ಮಂದಿ ಈ ಬೆಂಚುಗಳ ಮೇಲೆ ಒತ್ತಿಕೊಂಡು ಕೂರುತ್ತಿದ್ದರಂತೆ. ಬಾಲ್ಕನಿಯ ಅಂಚಿಗೆ ನಿಂತು ಲೆಕ್ಕ ಹಾಕಿ ನೋಡಿದೆ. ಮೊಣಕಾಲು ಎಲ್ಲಿಡುತ್ತಿದ್ದರೋ ತಿಳಿಯಲಿಲ್ಲ.

ಹಾಡಿದವರ ಗುರುತು ಇಲ್ಲಿ ಕಡಿಮೆ. ಕೂತವರ ಗುರುತೇ ಹೆಚ್ಚು. ನೆಲದ ಹಲಗೆಗಳ ಸಂದಿಯಲ್ಲಿ ಅವರು ಉದುರಿಸಿಕೊಂಡದ್ದೆಲ್ಲ ಅಲ್ಲೇ ಉಳಿದಿತ್ತು: ಗುಂಡಿಗಳು, ಸಿಗರೇಟಿನ ಪೊಟ್ಟಣ, ಕಾಯಿಸಿಪ್ಪೆ, ಚಿಲ್ಲರೆ ಕಾಸು. ಯಾರ ಷರಾಯಿಯ ಗುಂಡಿಯೋ, ಯಾವ ನಗುವಿಗೆ ಕಿತ್ತುಹೋಯಿತೋ! ಅರಮನೆಗಳಲ್ಲಿ ದೊರೆಯ ಖಡ್ಗ ನೋಡಿ ನನಗೆ ಇಷ್ಟು ರೋಮಾಂಚನವಾದದ್ದಿಲ್ಲ. ವಾರಪೂರ್ತಿ ದುಡಿದು ಹೈರಾಣಾದವರು ಸಂಜೆಗೊಂದಿಷ್ಟು ಮಜಾ ಕೊಂಡುಕೊಂಡ ಜಾಗವಿದು.

ಮಜಾ ಸಿಗದಿದ್ದರೆ ಅವರು ಸುಮ್ಮನಿರುವ ಪೈಕಿಯಲ್ಲ. ರಂಗದ ಮೇಲಿದ್ದವನಿಗೆ ಕೊಳೆತ ತರಕಾರಿ ಬೀಳುತ್ತಿತ್ತು, ಹಡಗುಕಟ್ಟೆಯಿಂದ ಜೇಬಲ್ಲಿ ತಂದ ರಿವೆಟ್ಟೂ ಬೀಳುತ್ತಿತ್ತು ಎನ್ನುತ್ತಾರೆ. ಅಂಥವರ ಎದುರಿಗೆ 1906ರಲ್ಲಿ ಹದಿನಾರರ ಹುಡುಗನೊಬ್ಬ ಬಂದು ನಿಂತ. ಹೆಸರು ಸ್ಟಾನ್ ಜೆಫರ್ಸನ್. ಅವನಪ್ಪ ಇದೇ ಊರಿನ ಮೆಟ್ರೊಪೋಲ್ ಥಿಯೇಟರಿನ ಮ್ಯಾನೇಜರು. ಅಪ್ಪನಿಗೆ ಹೇಳದೆ ಅವರದೇ ಬಟ್ಟೆ ಹಾಕಿಕೊಂಡು ಬಂದಿದ್ದ. ಆಟದ ಕೊನೆಗೆ ನೋಡಿದರೆ ಸಭೆಯಲ್ಲಿ ಅಪ್ಪ! ಗಾಬರಿಗೆ ಟೋಪಿ ಉರುಳಿ ಬಿತ್ತು, ಓಡುವಾಗ ಕೋಟು ಕೊಕ್ಕೆಗೆ ಸಿಕ್ಕಿ ಹರಿಯಿತು. ಈ ಕಥೆಯನ್ನು ಆತನೇ ಮುಂದೆ ಹೇಳಿಕೊಂಡಿದ್ದಾನೆ. ಜನ ಅದೂ ಆಟವೆಂದೇ ನಕ್ಕಿರಬೇಕು. 1910ರಲ್ಲಿ ಫ್ರೆಡ್ ಕಾರ್ನೋ ತಂಡದ ಜೊತೆ, ಚಾಪ್ಲಿನ್ ಇದ್ದ ಅದೇ ತಂಡದಲ್ಲಿ, ಅಮೆರಿಕಕ್ಕೆ ಹೋದವನು ನಾವೆಲ್ಲ ಬಲ್ಲ ಲಾರೆಲ್-ಹಾರ್ಡಿ ಜೋಡಿಯ ಸಣಕಲು ಲಾರೆಲ್ ಆದ.

ಆ ಹುಡುಗ ರಂಗವೇರಿದ 1906ರಲ್ಲೇ ಹಾಲ್ ಕೈಗೆತ್ತಿಕೊಂಡ ಎ. ಇ. ಪಿಕಾರ್ಡ್ ಇನ್ನೊಂದು ವಿಚಿತ್ರ. 1896ರಲ್ಲೇ ಇಲ್ಲಿ ಚಲಿಸುವ ಚಿತ್ರ ತೋರಿಸಿದ್ದರು. ಈತನಿಗೆ ಅದು ಸಾಲಲಿಲ್ಲ. ನೆಲಮಾಳಿಗೆಯಲ್ಲಿ ಪ್ರಾಣಿಸಂಗ್ರಹಾಲಯ ಮಾಡಿದ, ಅಟ್ಟದಲ್ಲಿ ಮೇಣದ ಬೊಂಬೆಗಳನ್ನಿಟ್ಟ. ಏಣಿ ಹತ್ತಿ ಕೂತು ಗಲಾಟೆ ಮಾಡುವವರ ಮೇಲೆ ಮೊಳೆ ಎಸೆಯುತ್ತಿದ್ದನೆಂಬ ಮಾತೂ ಇದೆ. ಎಸೆಯುವ ಜನಕ್ಕೆ ತಕ್ಕ ಮಾಲೀಕ!

ಸಿನಿಮಾ ಅರಮನೆಗಳ ಎದುರು ಹಾಲ್ ಸೊರಗಿ 1938ರಲ್ಲಿ ಮುಚ್ಚಿತು. ಬಟ್ಟೆ ಹೊಲಿಯುವ ಸಂಸ್ಥೆಯೊಂದು ಕಟ್ಟಡ ಕೊಂಡಿತು. ಫಾಲ್ಸ್ ಸೀಲಿಂಗ್ ಬಂತು. ಬಾಲ್ಕನಿ ಅದರ ಮೇಲೆ ಕತ್ತಲಲ್ಲಿ ಉಳಿಯಿತು. ಒಡೆದು ಹೊಸದು ಕಟ್ಟುವ ಉತ್ಸಾಹ ಯಾರಿಗೂ ಬಾರದಿದ್ದದ್ದೇ ಪುಣ್ಯ. 1997ರಲ್ಲಿ ಜುಡಿತ್ ಬವರ್ಸ್ ಎಂಬಾಕೆ ಇದರ ಬೆನ್ನು ಹತ್ತಿದ ಮೇಲೆ ಗೆಳೆಯರ ಬಳಗ ಕಟ್ಟಿಕೊಂಡಿತು, ಮತ್ತೆ ಆಟಗಳು ಶುರುವಾದವು.

ಹೋಗುವವರು ದಪ್ಪ ಕೋಟು ಮರೆಯಬೇಡಿ, ಒಳಗೆ ಒಳ್ಳೇ ಚಳಿ. ಬಾಗಿಲಲ್ಲಿ ಸ್ವಯಂಸೇವಕರು ಕಾಣಿಕೆ ಕೇಳಿದರೆ ಧಾರಾಳವಾಗಿ ಹಾಕಿ. ಲಾರೆಲ್-ಹಾರ್ಡಿ ಮೂಕಿಚಿತ್ರ ಹಾಕುವ ದಿನವಾದರಂತೂ ಬೇಗ ಹೋಗಿ ಜಾಗ ಹಿಡಿಯಿರಿ.